ಪೆಟ್ಟಿಲ್ಲದೆ ಕಪ್ಪಾದ ಕಣ್ಣು: ಒಂದು ರೋಗಚಿಹ್ನೆಯ ಚರಿತ್ರೆ

1979ರ ಫೆಬ್ರವರಿ. ಇಂಗ್ಲೆಂಡಿನಲ್ಲಿ ಅದು ಮುಷ್ಕರಗಳ ಚಳಿಗಾಲ; ಆಸ್ಪತ್ರೆಯ ಅಡುಗೆಯವರು, ಪೋರ್ಟರುಗಳು ಕೂಡ ಕೆಲಸ ಬಿಟ್ಟು ಗೇಟಿನ ಬಳಿ ನಿಂತಿದ್ದರು. ಮೈಸೂರಿನಿಂದ ಬಂದು ಎರಡು ವರ್ಷ ತುಂಬದಿದ್ದ ನಾನು ಮಧ್ಯ ಇಂಗ್ಲೆಂಡಿನ ಒಂದು ಊರಿನಲ್ಲಿ ಮಕ್ಕಳ ವಿಭಾಗದ ಕಿರಿಯ ವೈದ್ಯ. ಒಂದು ರಾತ್ರಿ ಎಳೆ ವಯಸ್ಸಿನ ತಾಯಿಯೊಬ್ಬಳು ಎರಡೂವರೆ ವರ್ಷದ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಎರಡೂ ಕಣ್ಣಿನ ಸುತ್ತ ನೇರಳೆಹಣ್ಣು ಹಿಂಡಿ ಬಳಿದ ಹಾಗೆ ಬಣ್ಣ ಕಟ್ಟಿತ್ತು. ಮೇಲಿನ ರೆಪ್ಪೆಗಳು ಊದಿ, ಎಡಗಣ್ಣು ಸ್ವಲ್ಪ ಮುಂದಕ್ಕೆ ಬಂದಂತೆ ಕಾಣುತ್ತಿತ್ತು.

ಮಗು ಬಿತ್ತೇ ಎಂದು ಕೇಳಿದೆ. ಇಲ್ಲ ಅಂದಳು. ಮೆಟ್ಟಿಲಿನಿಂದ, ಮಂಚದಿಂದ ಎಲ್ಲಿಂದಲಾದರೂ? ಇಲ್ಲ. ಮನೆಯಲ್ಲಿ ಬೇರೆ ಯಾರಿರುತ್ತಾರೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸುತ್ತಿಬಳಸಿ ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ ಅವಳು ಉತ್ತರ ಕೊಡಲಿಲ್ಲ, ನನ್ನನ್ನೇ ನೋಡಿದಳು. ಕೇಸ್‌ಶೀಟಿನಲ್ಲಿ ನಾನು ಬರೆದೆ: ತಾಯಿಯ ವಿವರಣೆ ಗಾಯಕ್ಕೆ ಹೊಂದುತ್ತಿಲ್ಲ. ಆಗಿನ ನಿಯಮದ ಪ್ರಕಾರ ಬೆಳಗಾಗುವ ಮೊದಲೇ ಸೋಶಿಯಲ್ ವರ್ಕರ್‌ಗೆ ಫೋನು ಹೋಯಿತು.

ಬೆಳಗ್ಗೆ ರೌಂಡ್ಸಿಗೆ ಬಂದ ಹಿರಿಯ ವೈದ್ಯರು ಮಗುವಿನ ಕಣ್ಣನ್ನು ಒಂದು ಕ್ಷಣ ನೋಡಿದರು. ಆಮೇಲೆ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ನಿದ್ದೆ ಹೋಗಿದ್ದ ಮಗುವಿನ ಹೊಟ್ಟೆಯ ಮೇಲೆ ಇಟ್ಟರು. ಬಹಳ ಹೊತ್ತು ಕೈ ತೆಗೆಯಲೇ ಇಲ್ಲ. ಕೊನೆಗೆ ನನ್ನ ಕೈ ಹಿಡಿದು ಅದೇ ಜಾಗಕ್ಕೆ ಒಯ್ದರು. ಎಡಗಡೆ ಪಕ್ಕೆಲುಬಿನ ಕೆಳಗೆ ಕಲ್ಲಿನಂತೆ ಗಟ್ಟಿಯಾದ, ಅಂಚು ಉಬ್ಬುತಗ್ಗಾದ ಒಂದು ಗಡ್ಡೆ. ಮಲೇರಿಯಾ ಕಂಡ ನಾಡಿನಿಂದ ಹೋದವನಿಗೆ ಎಡಗಡೆ ಏನು ಸಿಕ್ಕರೂ ಗುಲ್ಮವೇ. ಆದರೆ ಇದು ಗುಲ್ಮವಲ್ಲ, ಹೊಟ್ಟೆಯ ನಡುಗೆರೆಯನ್ನು ದಾಟಿತ್ತು. ಹಿಂದಿನ ರಾತ್ರಿ ಅಳುತ್ತಿದ್ದ ಮಗುವಿನ ಬಿಗಿದ ಹೊಟ್ಟೆಯ ಮೇಲೆ ನಾನೂ ಶಾಸ್ತ್ರಕ್ಕೆ ಕೈಯಿಟ್ಟು, ‘ಹೊಟ್ಟೆ ಮೃದು’ ಎಂದು ಬರೆದಿದ್ದೆ.

‘ಹಚಿಸನ್‌ನನ್ನು ಓದಿದ್ದೀಯಲ್ಲ?’ ಎಂದು ಅವರು ಕೇಳಿದರು. ಓದದೆ ಏನು! ಭಾರತದಲ್ಲಿ ವೈದ್ಯಕೀಯ ಓದಿದವರಿಗೆ ಹಚಿಸನ್ ಎಂದರೆ ಮನುಷ್ಯನಲ್ಲ, ಪುಸ್ತಕ. ಸ್ಟೆತಾಸ್ಕೋಪಿನ ಜೊತೆಗೇ ಕೊಳ್ಳುವ ವಸ್ತು. ಮೈಸೂರಿನ ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ‘ಮೊದಲು ನೋಡು, ಆಮೇಲೆ ಮುಟ್ಟು, ಆಮೇಲೆ ಬಡಿ, ಆಮೇಲೆ ಕೇಳು’ ಎನ್ನುವ ಕ್ರಮವನ್ನು ನಾವು ಮಗ್ಗಿಯಂತೆ ಕಲಿತದ್ದು ‘ಕ್ಲಿನಿಕಲ್ ಮೆಥಡ್ಸ್’ ಎಂಬ ಆ ಪುಸ್ತಕದಿಂದ. ಹಿರಿಯರು ಹೇಳುತ್ತಿದ್ದದ್ದು ಆ ಪುಸ್ತಕದ ಮಾತಲ್ಲ, ಅದೇ ಮನುಷ್ಯನ ಇನ್ನೊಂದು ಬರಹದ ಮಾತು ಎಂದು ನನಗೆ ತಿಳಿದದ್ದು ಆ ಸಂಜೆ ಲೈಬ್ರರಿಯಲ್ಲಿ. ಈ ಲೇಖನದ ಬೀಜ ಅಲ್ಲಿ ಬಿದ್ದದ್ದು. ನಿವೃತ್ತಿಯಾದ ಮೇಲೆ ಹಳೆಯ ಸಂಪುಟಗಳನ್ನು ಹುಡುಕಿ ಓದಲು ಸಮಯ ಸಿಕ್ಕಿತು.

ಮೊದಲು ಈ ಚಿಹ್ನೆ ಏನೆಂದು ಹೇಳಿಬಿಡುತ್ತೇನೆ. ಅಮೆರಿಕದವರು ಇದನ್ನು ರಕೂನ್ ಕಣ್ಣು ಎನ್ನುತ್ತಾರೆ, ಇಲ್ಲಿ ಬ್ರಿಟನ್ನಿನಲ್ಲಿ ಪಾಂಡಾ ಕಣ್ಣು. ಎರಡೂ ನಮ್ಮ ಕಾಡಿನ ಪ್ರಾಣಿಗಳಲ್ಲ, ಹಾಗಾಗಿ ಕನ್ನಡದಲ್ಲಿ ‘ಕಣ್ಣಿನ ಸುತ್ತ ರಕ್ತ ಕಟ್ಟಿದೆ’ ಎಂದರೆ ಸಾಕು. ರೆಪ್ಪೆಯ ಚರ್ಮ ನಮ್ಮ ಮೈಯಲ್ಲೇ ಅತಿ ತೆಳುವಾದದ್ದು. ಅದರ ಅಡಿಯ ಅಂಗಾಂಶ ಸಡಿಲ. ಸುತ್ತಮುತ್ತ ಎಲ್ಲಿ ರಕ್ತ ಸೋರಿದರೂ ಬಂದು ನಿಲ್ಲುವುದು ಅಲ್ಲೇ, ತಗ್ಗಿಗೆ ನೀರು ನಿಂತ ಹಾಗೆ. ತಲೆಬುರುಡೆಯ ತಳದ ಮೂಳೆ ಮುರಿದಾಗ ಒಳಗಿನ ರಕ್ತ ಕಣ್ಣಿನ ಗೂಡಿನ ಮೂಲಕ ಜಿನುಗಿ, ಗಂಟೆಗಳ ನಂತರ, ಕೆಲವೊಮ್ಮೆ ಒಂದೆರಡು ದಿನಗಳ ನಂತರ, ರೆಪ್ಪೆಯಲ್ಲಿ ಕಾಣಿಸಿಕೊಳ್ಳುತ್ತದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹೆನ್ರಿ ಬ್ಯಾಟಲ್ ಕಿವಿಯ ಹಿಂದೆ ಕಟ್ಟುವ ರಕ್ತವನ್ನು ಬುರುಡೆ ಮುರಿದ ಗುರುತೆಂದು 1890ರಲ್ಲಿ ವಿವರಿಸಿದ. ಕಪ್ಪು ಕಣ್ಣು ಅದರ ಜೋಡಿ. ಹೀಗಾಗಿ ಎರಡೂ ಕಣ್ಣು ಕಪ್ಪಾದರೆ ತಲೆಗೆ ಪೆಟ್ಟು ಎಂಬುದು ವೈದ್ಯನ ಮನಸ್ಸಿನಲ್ಲಿ ಮೊಳೆ ಹೊಡೆದಂತೆ ಕೂತಿರುತ್ತದೆ. ಪೆಟ್ಟೇ ಬಿದ್ದಿಲ್ಲ ಎಂದು ಮನೆಯವರು ಹೇಳಿದರೆ?

ಈ ಪ್ರಶ್ನೆಗೆ ಮೊದಲ ಒಳ್ಳೆಯ ಉತ್ತರ ಬಂದದ್ದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಿಂದ. ಆ ಕಾಲದಲ್ಲಿ ಕೆಲವು ಕೂಸುಗಳು ಕಾಲು ಅಲ್ಲಾಡಿಸದೆ, ಎತ್ತಿಕೊಂಡರೆ ಕಿರುಚುತ್ತಾ, ವಸಡಿನಲ್ಲಿ ರಕ್ತ ಸುರಿಸುತ್ತಾ ಬರುತ್ತಿದ್ದವು. ಕೆಲವಕ್ಕೆ ಕಣ್ಣಿನ ಗೂಡಿನೊಳಗೆ ರಕ್ತಸ್ರಾವವಾಗಿ ಕಣ್ಣು ಮುಂದೆ ಬಂದು ರೆಪ್ಪೆ ಕಪ್ಪಾಗುತ್ತಿತ್ತು. ವೈದ್ಯರು ಇದನ್ನು ‘ತೀವ್ರ ರಿಕೆಟ್ಸ್’ ಎನ್ನುತ್ತಿದ್ದರು. 1883ರಲ್ಲಿ ಥಾಮಸ್ ಬಾರ್ಲೋ ಎಂಬ ವೈದ್ಯ ಸತ್ತ ಮಕ್ಕಳ ಮೂಳೆಗಳನ್ನು ಪರೀಕ್ಷಿಸಿ, ಮೂಳೆಗೂ ಅದರ ಹೊದಿಕೆಗೂ ನಡುವೆ ರಕ್ತ ಕಟ್ಟಿರುವುದನ್ನು ತೋರಿಸಿ, ಇದು ರಿಕೆಟ್ಸ್ ಅಲ್ಲ, ನಾವಿಕರನ್ನು ಕೊಲ್ಲುತ್ತಿದ್ದ ಅದೇ ಸ್ಕರ್ವಿ ಎಂದ. ವಿಚಿತ್ರವೆಂದರೆ ಈ ರೋಗ ಅನುಕೂಲಸ್ಥರ ಮನೆಗಳನ್ನೂ ಬಿಡಲಿಲ್ಲ. ಡಬ್ಬಿಯ ಹಾಲು, ಜಾಹೀರಾತಿನ ಶಿಶು ಆಹಾರ, ಚೆನ್ನಾಗಿ ಕುದಿಸಿದ ಹಾಲು ಇವನ್ನೇ ನಂಬಿದ ಮನೆಗಳಿಗೆ ಅದು ಹೊಕ್ಕಿತು. ತಾಜಾ ಹಾಲು, ಹಣ್ಣಿನ ರಸ ಕೊಟ್ಟರೆ ಕೆಲವೇ ದಿನಗಳಲ್ಲಿ ಮಗು ಕಾಲಾಡಿಸುತ್ತಿತ್ತು. ವಿಟಮಿನ್ ಸಿ ಎಂಬ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ. ವಿಕ್ಟೋರಿಯಾ ರಾಣಿಯ ವೈದ್ಯನೂ ಆದ ಬಾರ್ಲೋ 99 ವರ್ಷ ಬದುಕಿದ. ಎಷ್ಟು ಕೂಸುಗಳು ಅವನ ಕಾಗದವೊಂದರಿಂದ ಉಳಿದವೋ ಎಣಿಸಿದವರಿಲ್ಲ.

ಆದರೆ ಕಿತ್ತಳೆ ರಸ ಕುಡಿಸಿದರೂ ಏಳದ ಮಕ್ಕಳೂ ಇದ್ದರು. ಅದೇ ಕಾಲುನೋವು, ಅದೇ ಬಿಳಿಚಿದ ಮುಖ, ಅದೇ ಕಪ್ಪು ಕಣ್ಣು. ಇಲ್ಲಿ ಬರುತ್ತಾನೆ ನಮ್ಮ ಹಚಿಸನ್.

ರಾಬರ್ಟ್ ಹಚಿಸನ್ 1871ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಓದಿದವನು. ಹ್ಯಾರಿ ರೈನಿ ಎಂಬ ಗೆಳೆಯನ ಜೊತೆ ‘ಕ್ಲಿನಿಕಲ್ ಮೆಥಡ್ಸ್’ ಪ್ರಕಟಿಸಿದಾಗ, 1897ರಲ್ಲಿ, ಅವನಿಗಿನ್ನೂ ಇಪ್ಪತ್ತಾರು. ನಂತರ ಬಾರ್ಲೋ ಕೆಲಸ ಮಾಡಿದ್ದ ಅದೇ ಮಕ್ಕಳ ಆಸ್ಪತ್ರೆಗೆ ಸೇರಿದ. 1907ರಲ್ಲಿ ‘ಕ್ವಾರ್ಟರ್ಲಿ ಜರ್ನಲ್ ಆಫ್ ಮೆಡಿಸಿನ್’ ಎಂಬ ಪತ್ರಿಕೆ ಶುರುವಾಯಿತು. ಅದರ ಮೊದಲ ಸಂಪುಟದಲ್ಲೇ ಹಚಿಸನ್‌ನ ಆರು ಪುಟದ ಲೇಖನವಿದೆ. ಅಡ್ರಿನಲ್ ಗ್ರಂಥಿಯ ಗಡ್ಡೆ ಮಕ್ಕಳ ತಲೆಬುರುಡೆಗೆ ಹರಡುವುದರ ಕುರಿತದ್ದು. ಆರು ಪುಟದೊಳಗೆ ಅವನು ಮಾಡಿದ ಕೆಲಸ ಇಷ್ಟೇ: ಕಣ್ಣನ್ನೂ ಹೊಟ್ಟೆಯನ್ನೂ ಒಂದು ಗೆರೆಯಿಂದ ಸೇರಿಸಿದ. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯಂತೆ ಕೂತಿರುವ ಪುಟ್ಟ ಗ್ರಂಥಿ ಅದು. ಅಲ್ಲಿ ಸದ್ದಿಲ್ಲದೆ ಬೆಳೆದ ಗಡ್ಡೆಯ ಕಣಗಳು ರಕ್ತದಲ್ಲಿ ಹೋಗಿ ಕಣ್ಣಿನ ಗೂಡಿನ ಮೂಳೆಗಳಲ್ಲಿ ನೆಲೆಯೂರುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳಿಗೆ ಅಡ್ಡ ಬಂದಾಗ ರಕ್ತ ಸೋರುತ್ತದೆ, ರೆಪ್ಪೆ ಕಪ್ಪಾಗುತ್ತದೆ, ಕಣ್ಣು ಮುಂದೆ ಬರುತ್ತದೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ಕೊನೆಯ ಕೊಂಡಿ.

ಅವನು ಅದನ್ನು ಸಾರ್ಕೋಮ ಎಂದು ಕರೆದ, ಹೆಸರು ತಪ್ಪಾಗಿತ್ತು. 1910ರಲ್ಲಿ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್ ಸೂಕ್ಷ್ಮದರ್ಶಕದ ಕೆಳಗೆ ಆ ಜೀವಕೋಶಗಳು ಹೂವಿನ ಎಸಳುಗಳಂತೆ ವೃತ್ತಾಕಾರದಲ್ಲಿ ಕೂತಿರುವುದನ್ನು ಕಂಡು, ಇವು ಬೆಳೆಯದೆ ಉಳಿದ ನರಕೋಶಗಳ ಜಾತಿ ಎಂದು ಗುರುತಿಸಿ ನ್ಯೂರೋಬ್ಲಾಸ್ಟೋಮ ಎಂಬ ಹೆಸರನ್ನು ಮುಂದಿಟ್ಟ.

ಇದರ ನಡುವೆ ಒಂದು ಸ್ವಾರಸ್ಯದ ತಪ್ಪು ನಡೆಯಿತು. ಹಚಿಸನ್‌ಗಿಂತ ಮೊದಲೇ, 1901ರಲ್ಲಿ, ಫಿಲಡೆಲ್ಫಿಯದ ವಿಲಿಯಂ ಪೆಪ್ಪರ್ ಇದೇ ಗ್ರಂಥಿಯ ಗಡ್ಡೆ ಇದ್ದ ಕೂಸುಗಳನ್ನು ವರ್ಣಿಸಿದ್ದ. ಅವುಗಳಲ್ಲಿ ರೋಗ ಹರಡಿದ್ದು ಯಕೃತ್ತಿಗೆ, ಮೂಳೆಗಲ್ಲ. ಹಾಗಾದರೆ ಕೆಲವರಲ್ಲಿ ಯಕೃತ್ತಿಗೆ, ಕೆಲವರಲ್ಲಿ ಕಣ್ಣಿಗೆ ಏಕೆ? 1911ರಲ್ಲಿ ಫ್ರೂ ಎಂಬ ವೈದ್ಯ ದುಗ್ಧರಸದ ದಾರಿಗಳನ್ನು ಲೆಕ್ಕ ಹಾಕಿ, ಬಲಗಡೆಯ ಗಡ್ಡೆ ಯಕೃತ್ತಿಗೂ ಎಡಗಡೆಯದು ತಲೆಬುರುಡೆಗೂ ಹೋಗುತ್ತದೆ ಎಂದ. ಎಷ್ಟು ಅಚ್ಚುಕಟ್ಟು! ಅಚ್ಚುಕಟ್ಟಾಗಿದ್ದ ಕಾರಣಕ್ಕೇ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ನಿಜವಾದ ವ್ಯತ್ಯಾಸ ಎಡಬಲದ್ದಲ್ಲ, ವಯಸ್ಸಿನದ್ದು. ಪೆಪ್ಪರ್ ಕಂಡದ್ದು ಹಸುಗೂಸುಗಳನ್ನು, ಹಚಿಸನ್ ಕಂಡದ್ದು ಹೆಚ್ಚಾಗಿ ಓಡಾಡುವ ಮಕ್ಕಳನ್ನು. 1971ರಲ್ಲಿ ಡ್ಯಾಂಜಿಯೊ, ಆಡ್ರಿ ಇವಾನ್ಸ್, ಎವರೆಟ್ ಕೂಪ್ ಎಂಬ ಮೂವರು ಇನ್ನೊಂದು ಸೋಜಿಗವನ್ನು ದಾಖಲಿಸಿದರು: ಹೀಗೆ ಯಕೃತ್ತಿಗೆ, ಚರ್ಮಕ್ಕೆ ಹರಡಿದ ಹಸುಗೂಸುಗಳ ರೋಗ ಅನೇಕ ಸಲ ತಾನಾಗಿಯೇ ಕರಗಿಹೋಗುತ್ತದೆ. ಅದೇ ಗಡ್ಡೆ ಎರಡೂವರೆ ವರ್ಷದ ಮಗುವಿನಲ್ಲಿ ಕರಗುವುದಿಲ್ಲ. ನಮ್ಮ ಮಗುವಿನ ಗಡ್ಡೆ ಎಡಗಡೆಯೇ ಇತ್ತು. ಫ್ರೂ ಬದುಕಿದ್ದರೆ ತಲೆದೂಗುತ್ತಿದ್ದ.

ವಯಸ್ಸಾದವರಲ್ಲೂ ಪೆಟ್ಟಿಲ್ಲದೆ ಕಣ್ಣು ಕಪ್ಪಾಗುವುದುಂಟು, ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಅಮೈಲಾಯ್ಡ್ ಎಂಬ ಪದಾರ್ಥ. 1854ರಲ್ಲಿ ಅಯೋಡಿನ್ ತಾಗಿದಾಗ ಬಣ್ಣ ಬದಲಾದದ್ದನ್ನು ಕಂಡು ಜರ್ಮನಿಯ ವಿರ್ಕೋ ಅದನ್ನು ಪಿಷ್ಟದ ಜಾತಿಯೆಂದು ತಿಳಿದು ಆ ಹೆಸರಿಟ್ಟ. ಐದೇ ವರ್ಷದಲ್ಲಿ ಅದು ಪಿಷ್ಟವಲ್ಲ, ಪ್ರೋಟೀನ್ ಎಂದು ಗೊತ್ತಾದರೂ ಹೆಸರು ಹೋಗಲಿಲ್ಲ. ರಕ್ತನಾಳದ ಗೋಡೆಯಲ್ಲಿ ಅದು ತುಂಬಿಕೊಂಡರೆ ನಾಳ ಪೆಡಸಾಗುತ್ತದೆ. ಒಂದು ಜೋರಾದ ಕೆಮ್ಮು, ವಾಂತಿ, ಕಣ್ಣು ಉಜ್ಜಿಕೊಂಡದ್ದು ಅಷ್ಟೇ ಸಾಕು, ರೆಪ್ಪೆಯಲ್ಲಿ ರಕ್ತ ಕಟ್ಟುತ್ತದೆ. ಗುದದ್ವಾರದ ಪರೀಕ್ಷೆಗೆಂದು ತಲೆ ತಗ್ಗಿಸಿ ಮಲಗಿಸಿದ ರೋಗಿ ಎದ್ದಾಗ ಕಣ್ಣು ಕಪ್ಪಾಗಿದ್ದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ಒಂದು ಹೆಸರನ್ನೇ ಪಡೆದಿವೆ. ವಯಸ್ಸಾದ ಗಂಡಸಿನ ಕಣ್ಣು ಕಪ್ಪಾದರೆ ಜನ ತಮಾಷೆ ಮಾಡುತ್ತಾರೆ. ಮಗುವಿನ ಕಣ್ಣು ಕಪ್ಪಾದರೆ ಯಾರೂ ನಗುವುದಿಲ್ಲ.

ನಗದಿರಲು ಕಾರಣವಿದೆ, ಅದರ ಚರಿತ್ರೆಯೂ ಬೇರೆಯೇ ಇದೆ. 1946ರಲ್ಲಿ ನ್ಯೂಯಾರ್ಕಿನ ಜಾನ್ ಕ್ಯಾಫಿ ಎಂಬ ಎಕ್ಸ್‌ರೇ ತಜ್ಞ ಮೆದುಳಿನ ಹೊದಿಕೆಯಡಿ ರಕ್ತ ಕಟ್ಟಿದ್ದ ಆರು ಕೂಸುಗಳ ಕೈಕಾಲು ಮೂಳೆಗಳಲ್ಲಿ ಒಟ್ಟು 23 ಮುರಿತಗಳನ್ನು ಕಂಡ. ಸ್ಕರ್ವಿಯೇ? ಬಾರ್ಲೋನ ರೋಗವನ್ನು ಅವನು ಹುಡುಕಿದ, ಸಿಗಲಿಲ್ಲ. ಮಕ್ಕಳಿಗೆ ಪೆಟ್ಟಾಗಿದೆ ಎಂದು ಬರೆದನೇ ಹೊರತು ಯಾರು ಹೊಡೆದರು ಎಂದು ಬರೆಯಲು ಅವನ ಲೇಖನಿ ಹಿಂಜರಿಯಿತು. ಅದನ್ನು ಹೇಳುವ ಧೈರ್ಯ ಬಂದದ್ದು 1962ರಲ್ಲಿ. ಡೆನ್ವರಿನ ಹೆನ್ರಿ ಕೆಂಪ್ ಮತ್ತು ಜೊತೆಗಾರರು ಅಮೆರಿಕದ 71 ಆಸ್ಪತ್ರೆಗಳಿಂದ 302 ಮಕ್ಕಳ ವಿವರ ತರಿಸಿ, ತಂದೆ ತಾಯಿಯೇ ಮಕ್ಕಳನ್ನು ಜಜ್ಜುತ್ತಾರೆ, ವೈದ್ಯರು ನಂಬಲಾರದೆ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ನೇರವಾಗಿ ಬರೆದರು. ಐದು ವರ್ಷದೊಳಗೆ ಆ ದೇಶದ ಎಲ್ಲ ರಾಜ್ಯಗಳಲ್ಲೂ ಸಂಶಯ ಬಂದರೆ ವರದಿ ಮಾಡಬೇಕೆಂಬ ಕಾನೂನು ಬಂತು. ಬ್ರಿಟನ್ನಿನಲ್ಲಿ 1973ರಲ್ಲಿ ಬ್ರೈಟನ್ನಿನ ಏಳು ವರ್ಷದ ಮರಿಯಾ ಕೋಲ್ವೆಲ್ ಮಲತಂದೆಯ ಕೈಯಲ್ಲಿ ಸತ್ತಳು. ನೆರೆಯವರು, ಶಾಲೆಯವರು ಎಚ್ಚರಿಸಿದ್ದರೂ ಯಾರೂ ಅವಳನ್ನು ಉಳಿಸಲಿಲ್ಲ. ಮರುವರ್ಷ ಬಂದ ವಿಚಾರಣಾ ವರದಿಯ ನಂತರ ಇಲ್ಲಿನ ಆಸ್ಪತ್ರೆಗಳಲ್ಲಿ ಸಂಶಯಪಡುವುದು ಕರ್ತವ್ಯವಾಯಿತು.

ಕೆಂಪ್ ತಪ್ಪು ಮಾಡಿದ ಎಂದು ನಾನು ಹೇಳುತ್ತಿಲ್ಲ. ನಾಲ್ಕು ದಶಕದ ವೃತ್ತಿಯಲ್ಲಿ ಹೊಡೆತ ತಿಂದ ಮಕ್ಕಳನ್ನೂ ಸಾಕಷ್ಟು ನೋಡಿದ್ದೇನೆ; ಅವರ ಪರವಾಗಿ ಮಾತಾಡಲು ಆ ಮನುಷ್ಯ ಇಲ್ಲದಿದ್ದರೆ ನಾವೆಲ್ಲ ಇನ್ನೂ ‘ಬಿದ್ದಿರಬೇಕು’ ಎಂದು ಬರೆಯುತ್ತಿದ್ದೆವು. ಆದರೆ ನೋಡಿ, ಕಾಲು ನೋವು ಮತ್ತು ಕಪ್ಪು ಕಣ್ಣಿನ ಒಂದೇ ಮಗು 1883ರಲ್ಲಿ ಬಂದಿದ್ದರೆ ಹಣ್ಣಿನ ರಸ ಸಿಗುತ್ತಿತ್ತು, 1907ರಲ್ಲಿ ಹೊಟ್ಟೆಯ ಮೇಲೊಂದು ಕೈ ಸಿಗುತ್ತಿತ್ತು, 1979ರಲ್ಲಿ ಸಿಕ್ಕಿದ್ದು ತಾಯಿಗೆ ಮೂರು ಸಲ ಪ್ರಶ್ನೆ. ನನ್ನಲ್ಲಿ ಹೊಸ ಜ್ಞಾನ ಇತ್ತು, ಹಳೆಯದು ಕೈಕೊಟ್ಟಿತ್ತು. ಹೊಡೆತದ ಸಂಶಯದಲ್ಲಿ ವಿಚಾರಣೆಗೆ ಒಳಗಾಗಿ, ಆಮೇಲೆ ನ್ಯೂರೋಬ್ಲಾಸ್ಟೋಮ ಎಂದು ತಿಳಿದ ಮಕ್ಕಳ ವರದಿಗಳು ಈಚಿನವರೆಗೂ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ನಾನೊಬ್ಬನೇ ಅಲ್ಲ ಎಂಬುದು ಸಮಾಧಾನದ ಮಾತೇನಲ್ಲ.

ಆ ತಾಯಿ ಮೊದಲೇ ಹೇಳಿದ್ದಳು ಕೂಡ. ಮಗು ಹದಿನೈದು ದಿನದಿಂದ ನಡೆಯಲು ಒಲ್ಲೆ ಎನ್ನುತ್ತಿದೆ, ರಾತ್ರಿ ಕಾಲು ಹಿಡಿದು ಅಳುತ್ತದೆ, ಊಟ ಬಿಟ್ಟಿದೆ ಎಂದು. ಅದನ್ನೆಲ್ಲ ನಾನು ಬರೆದುಕೊಂಡಿದ್ದೆ, ಎರಡನೇ ಪ್ಯಾರಾದಲ್ಲಿ. ಓದಿಕೊಂಡಿರಲಿಲ್ಲ.

ಮಗುವಿನ ಮೂತ್ರವನ್ನು ಪರೀಕ್ಷೆಗೆ ಕಳಿಸಿದೆವು. ಈ ಗಡ್ಡೆ ಅಡ್ರಿನಲಿನ್ ಕುಲದ ರಾಸಾಯನಿಕಗಳನ್ನು ಸುರಿಸುತ್ತದೆ, ಅದರ ಗುರುತು ಮೂತ್ರದಲ್ಲಿ ಸಿಗುತ್ತದೆ ಎಂಬ ಸುಳಿವು 1957ರಿಂದ ಇತ್ತು. ಇದರ ಮೇಲೆ ಜಪಾನಿನವರು ಒಂದು ದೊಡ್ಡ ಆಸೆ ಕಟ್ಟಿದರು. ಕಣ್ಣು ಕಪ್ಪಾಗುವ ಹೊತ್ತಿಗೆ ರೋಗ ಮೂಳೆ ಸೇರಿರುತ್ತದೆ. ಅದಕ್ಕೆ ಮೊದಲೇ ಎಲ್ಲ ಕೂಸುಗಳ ಮೂತ್ರ ಪರೀಕ್ಷಿಸಿದರೆ? 1973ರಲ್ಲಿ ಕ್ಯೋಟೊದಲ್ಲಿ ಆರಂಭವಾದದ್ದು 1980ರ ದಶಕದಲ್ಲಿ ದೇಶಕ್ಕೆಲ್ಲ ಹಬ್ಬಿತು. ಕೆನಡಾದ ಕ್ಯುಬೆಕ್‌ನಲ್ಲಿ ಸುಮಾರು 4 ಲಕ್ಷ 76 ಸಾವಿರ ಕೂಸುಗಳ ಮೇಲೂ, ಜರ್ಮನಿಯಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲೂ ಇದನ್ನು ಪರೀಕ್ಷಿಸಿ ನೋಡಿದರು. 2002ರಲ್ಲಿ ಎರಡೂ ಫಲಿತಾಂಶಗಳು ಒಟ್ಟಿಗೆ ಬಂದವು: ಸಾವು ಕಡಿಮೆಯಾಗಿರಲಿಲ್ಲ. ಸಿಕ್ಕಿಬಿದ್ದವು ಹೆಚ್ಚಾಗಿ ತಾವಾಗಿ ಕರಗಿಹೋಗಬಹುದಾಗಿದ್ದ ಗಡ್ಡೆಗಳು. ಆ ಕೂಸುಗಳಲ್ಲಿ ಹಲವಕ್ಕೆ ಬೇಡದ ಶಸ್ತ್ರಚಿಕಿತ್ಸೆ, ಬೇಡದ ಔಷಧಿ ಆಯಿತು. ಜಪಾನ್ 2004ರಲ್ಲಿ ಇದನ್ನು ನಿಲ್ಲಿಸಿತು. ಮುಪ್ಪಿನಲ್ಲಿ, 1953ರಲ್ಲಿ, ವೈದ್ಯರ ಅತ್ಯುತ್ಸಾಹವನ್ನು ಕುರಿತು ಒಂದು ಪುಟ್ಟ ಪ್ರಾರ್ಥನೆ ಬರೆದಿದ್ದ ಹಚಿಸನ್ ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ತೀವ್ರ ಔಷಧಿ, ರೋಗಿಯದೇ ಆಕರಕೋಶಗಳನ್ನು ಮರಳಿ ಕೊಡುವುದು, ಗಡ್ಡೆಯ ಮೈಮೇಲಿನ ಗುರುತನ್ನೇ ಹುಡುಕಿ ಹೊಡೆಯುವ ಪ್ರತಿಕಾಯಗಳು, ಇವೆಲ್ಲ ಸೇರಿ ಮೂಳೆಗೆ ಹರಡಿದ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಮಂದಿ ಉಳಿಯುವ ಹಂತ ಬಂದಿದೆ. 1979ರಲ್ಲಿ ನಮ್ಮ ಬಳಿ ಎರಡು ಮೂರು ಔಷಧಿಗಳಿದ್ದವು. ಅವುಗಳಿಂದ ಕಣ್ಣಿನ ಕಪ್ಪು ಇಳಿಯಿತು, ಮಗು ಬೇಸಿಗೆಯಲ್ಲಿ ಕೆಲವು ವಾರ ನಡೆದಾಡಿತು. ಅಕ್ಟೋಬರಿನಲ್ಲಿ ತೀರಿಕೊಂಡಿತು.

ಗಡ್ಡೆ ಸಿಕ್ಕ ದಿನ ಸಂಜೆ ನಾನು ತಾಯಿಯ ಬಳಿ ಹೋಗಿ ಕ್ಷಮೆ ಕೇಳಿದೆ. ಅವಳು ಕೋಪ ಮಾಡಲಿಲ್ಲ. ಫೋನು ಮಾಡಿ ಕರೆಸಿದ್ದ ಆ ಹೆಂಗಸು ಇನ್ನು ಮನೆಗೆ ಬರುವುದಿಲ್ಲವಲ್ಲ ಎಂದಷ್ಟೇ ಕೇಳಿದಳು. ಬರುವುದಿಲ್ಲ ಅಂದೆ. ವಾರ್ಡಿನ ಸಿಸ್ಟರ್ ಬಳಿ ಕೇಸ್‌ಶೀಟು ಇಸಿದುಕೊಂಡು ಹಿಂದಿನ ರಾತ್ರಿಯ ನನ್ನ ಸಾಲನ್ನು ಹೊಡೆದುಹಾಕಲು ಹೊರಟೆ. ಅವರು ತಡೆದರು, ಬರೆದದ್ದನ್ನು ಅಳಿಸುವಂತಿಲ್ಲ, ಕೆಳಗೆ ಬೇಕಾದರೆ ಸೇರಿಸಿ ಅಂದರು. ಹಾಗಾಗಿ ಅದರ ಕೆಳಗೆ, ದಿನಾಂಕ ಹಾಕಿ, ತಾಯಿ ಹೇಳಿದ್ದು ನಿಜ ಎಂದು ಬರೆದು ಸಹಿ ಮಾಡಿದೆ.